ಎಡಗೈಯ ನಾದ

ತಗ್ಗಿನ ನಾದಕ್ಕೆಂದೇ ತಂದ ಸಬ್‌ವೂಫರ್ ಸ್ಪೀಕರಿಗೆ ಮೊದಲು ಹಾಕಿದ್ದು ತಾಮ್ರದ ಲೇಪವಿದ್ದ ಅಲ್ಯೂಮಿನಿಯಂ ತಂತಿ. ನಾದ ಸರಿ ಬರದಿದ್ದಾಗ, ಅಗ್ಗದ ಮಾಲು, ಇನ್ನೇನಾದೀತು ಎಂದುಕೊಂಡರು ಮೃದಂಗ ವಿದ್ವಾನ್ ಸೇತುರಾಮಯ್ಯ. ಆಮೇಲೆ ಅಪ್ಪಟ ತಾಮ್ರದ್ದು ಬಂತು. ಆಗಲೂ ತಮ್ಮದೇ ಹಳೆಯ ಕಚೇರಿಯ ರೆಕಾರ್ಡಿಂಗ್ ಹಾಕಿದರೆ ಪಿಟೀಲು ಕೇಳುತ್ತಿತ್ತು, ಮೃದಂಗದ ಬಲಗೈ ಪೆಟ್ಟೂ ಕೇಳುತ್ತಿತ್ತು. ಎಡಗೈಯ ಗುಂಕಾರ ಮಾತ್ರ ಇಲ್ಲ. ಅವರ ಹೆಸರು ನಿಂತಿದ್ದೇ ಆ ಎಡಗೈ ಮೇಲೆ.

ಇವತ್ತು ತಂತಿ ಮಾರಿದ ಅಂಗಡಿಯ ಇಮ್ತಿಯಾಜ್ ತಾನೇ ಮನೆಗೆ ಬಂದು ಬೆಳ್ಳಿ ಲೇಪದ ತಾಮ್ರದ ತಂತಿ ಜೋಡಿಸಿದ.

“ಇದಕ್ಕಿಂತ ಒಳ್ಳೇ ವೈರು ನನ್ ಹತ್ರ ಇಲ್ಲ ಸರ್.”

ಸೇತುರಾಮಯ್ಯ ಅದೇ ರೆಕಾರ್ಡಿಂಗ್ ಹಾಕಿಸಿ ಕಣ್ಣು ಮುಚ್ಚಿ ಕೇಳಿದರು. ಬಹಳ ಹೊತ್ತು ಕೇಳಿದರು.

“ಇದೂ ದಂಡ ಕಣಯ್ಯ. ಎಡಗೈ ಎಲ್ಲಿ?”

ಇಮ್ತಿಯಾಜ್ ಸೇತುರಾಮಯ್ಯನವರ ಹೆಂಡತಿಯ ಮುಖ ನೋಡಿದ.

“ಸಾಕು ಬಿಡೀಂದ್ರೆ,” ಎಂದರು ಆಕೆ. “ಇದೇ ಇರ್ಲಿ. ಚೆನ್ನಾಗೇ ಕೇಳ್ತಿದೆ.”

“ನಿಂಗೇನ್ ಗೊತ್ತಾಗತ್ತೆ? ಜೀವಮಾನವೆಲ್ಲ ಶ್ರುತಿ ಹಿಡಿದ ಕಿವಿ ಇದು. ಭಾನುವಾರ ಕಚೇರಿ ಇಟ್ಕೊಂಡು ಇಂಥದ್ದನ್ನ ಕೇಳ್ಲಾ?”

ಅವರು ಇಮ್ತಿಯಾಜ್ ಕಡೆ ತಿರುಗಿದರು.

“ಬಿಚ್ಚಯ್ಯ ಇದನ್ನ. ಪೂರಾ ಬೆಳ್ಳೀದೇ ತರ್ಸು.”

ಇಮ್ತಿಯಾಜ್ ನಿಂತಲ್ಲಿಂದ ಕದಲಲಿಲ್ಲ. ಸೇತುರಾಮಯ್ಯ ಸಿಟ್ಟಿನಿಂದ ತಾವೇ ಎದ್ದು ಹೋಗಿ, ತಂತಿ ಕೀಳಲು ಬಗ್ಗಿ, ಆಸರೆಗೆಂದು ಸಬ್‌ವೂಫರಿನ ಪೆಟ್ಟಿಗೆಯ ಮೇಲೆ ಅಂಗೈ ಊರಿದರು.

ಅವರ ಎಡಗೈ ಅಂದು ಬಾರಿಸಿದ ಒಂದೊಂದು ಹೊಡೆತಕ್ಕೂ ಪೆಟ್ಟಿಗೆ ಅಂಗೈಯಡಿ ಅದುರುತ್ತಿತ್ತು.