ತಾತನ ಫೋಟೊ ಕಟ್ಟು

“ಏಳನೇ ಕ್ಲಾಸು ದಾಟದ ಕತ್ತೆ! ಬೀಗರು ಹೋಗೋವರೆಗೂ ಬಾಯಿ ಬಿಟ್ಟೀಯ, ಜೋಕೆ!”

ಮಗಳ ನಿಶ್ಚಿತಾರ್ಥಕ್ಕೆ ಬಂದ ನೆಂಟರೆಲ್ಲರ ಎದುರಿಗೇ ಸೋದರಮಾವ ನನ್ನನ್ನು ಬೈದ. ನಾನು ಹೇಳಲು ಹೋಗಿದ್ದು ಇಷ್ಟೇ: ತಾತನ ಫೋಟೊ ಕಟ್ಟನ್ನು ಸಂಜೆವರೆಗೆ ಯಾರೂ ಮುಟ್ಟಬಾರದು.

ಆ ಹಳೇ ಕಟ್ಟನ್ನು ಎರಡು ದಿನ ಉಪ್ಪುಕಾಗದದಲ್ಲಿ ಉಜ್ಜಿದ್ದೆ. ಬಂಗಾರದ ಬಣ್ಣದ ಡಬ್ಬಿಯನ್ನು ಈ ಪುಣ್ಯಾತ್ಮ ತಂದುಕೊಟ್ಟಿದ್ದು ಮಾತ್ರ ಇವತ್ತು ಬೆಳಿಗ್ಗೆ. ಬೀಗರು ಹೊಸ ಮನೆ ಕಟ್ಟಿಸುತ್ತಿದ್ದರು. ಕಟ್ಟು ಅವರಿಗೆ ಹಿಡಿಸಿದರೆ ಅಲ್ಲಿಯ ಬಣ್ಣದ ಕೆಲಸ ನನಗೇ ಸಿಗುತ್ತದೆ ಅಂತ ಆಸೆಯಿತ್ತು. ಅದಕ್ಕೇ ಬಾಯಿ ಮುಚ್ಚಿಕೊಂಡು ಮೂಲೆಯಲ್ಲಿ ನಿಂತೆ.

ಬೀಗರು ಬಂದರು.

“ನಮ್ಮಪ್ಪ. ಬೇಡಿಕೊಂಡದ್ದು ಕೊಡ್ತಾರೆ,” ಎಂದು ಮಾವನೇ ಮೊದಲು ಎರಡೂ ಕೈಯಲ್ಲಿ ಕಟ್ಟು ಮುಟ್ಟಿ ಕಣ್ಣಿಗೊತ್ತಿಕೊಂಡ. ಅವನ ಹಿಂದೆ ಬೀಗರು, ಬೀಗಿತಿ, ಮದುಮಗ, ಅವನ ಇಬ್ಬರು ಅಕ್ಕಂದಿರು, ಎಲ್ಲರೂ ಭಕ್ತಿಯಿಂದ ಹಾಗೇ ಮಾಡಿದರು.

“ಏನು ಹೊಳಪು ಸ್ವಾಮಿ!” ತಾತನ ಮೇಲಿಂದ ಕಣ್ಣು ಕೀಳದೆ ಬೀಗರು ಕೇಳಿದರು. “ಯಾರು ಬಣ್ಣ ಬಳಿದದ್ದು? ನಮ್ಮ ಹೊಸ ಮನೆಗೂ ಅವರೇ ಬೇಕು.”

ಮಾವ ಎದೆಯುಬ್ಬಿಸಿದ. “ನಾನೇ! ಅಪ್ಪನ ಕೆಲಸ ಕಂಡೋರ ಕೈಲಿ ಮಾಡಿಸ್ತೀನಾ?”

ಆಗ ಎಲ್ಲರೂ ಒಬ್ಬರ ಕಡೆಗೊಬ್ಬರು ತಿರುಗಿದರು. ಬೀಗಿತಿ ಚೀರಿದರು. ಆರು ಜೊತೆ ಬಂಗಾರದ ರೆಪ್ಪೆಗಳು ಪಟಪಟ ಬಡಿದುಕೊಂಡವು.

“ಅಯ್ಯೋ, ನಾನಲ್ಲ! ಅವನು!” ಮಾವ ನನ್ನ ಕಡೆ ಕೈ ತೋರಿಸಿದ. “ಬಾಯಿ ಬಿಡೋ ಕತ್ತೆ! ಬಳಿದದ್ದು ನೀನೇ ಅಂತ ಹೇಳೋ!”

ಬ್ರಶ್ಶನ್ನು ಜೇಬಿಗೆ ಸಿಕ್ಕಿಸಿಕೊಂಡು, ತುಟಿ ಬಿಗಿದುಕೊಂಡೇ ನಾನು ಹೊರಗೆ ನಡೆದೆ.