ಹಿಟ್ಟಿನೊಳಗಿನ ಒಡತಿ

"ಈ ಮನೇಲಿ ವಿಗ್ರಹ ಇಲ್ಲ ಅಂತ ಆಣೆ ಇಡಮ್ಮ," ಎಂದ ಗೆಮಲ್ಲಿ, ಯೆಹೋವನೊಬ್ಬನೇ ದೇವರು, ಬೇರೆ ವಿಗ್ರಹಗಳನ್ನೆಲ್ಲ ಒಡೆಯಿರಿ ಎಂದು ಅಪ್ಪಣೆ ಮಾಡಿದ್ದ ಅರಸನ ಆಳು. ಅವನ ಹೆಗಲ ಗೋಣಿಯಲ್ಲಿ ಯೆರೂಸಲೇಮಿನ ಆ ಓಣಿಯ ದೇವತೆಗಳೆಲ್ಲ ಆಗಲೇ ಚೂರಾಗಿದ್ದವು.

"ಯೆಹೋವನ ಜೀವದಾಣೆ, ಇಲ್ಲಪ್ಪ," ಎಂದಳು ಮುದುಕಿ ಅತಾರಾ, ನಾದುತ್ತಿದ್ದ ಹಿಟ್ಟಿನಿಂದ ಕೈ ತೆಗೆಯದೆ. ಗೇಣುದ್ದದ ಮಣ್ಣಿನ ದೇವಿ ಗಗನದೊಡತಿ ಆ ಹಿಟ್ಟಿನೊಳಗೇ ಇದ್ದಳು. ಗೋಡೆಗೊರಗಿ ಕೂತಿದ್ದ ತುಂಬು ಬಸುರಿ ಸೊಸೆ ಯೆಮೀಮಾ ಈಗಾಗಲೇ ಎರಡು ಕೂಸುಗಳನ್ನು ಮಣ್ಣಿಗೆ ಕೊಟ್ಟವಳು. ಒಡತಿ ಮನೆಯಲ್ಲಿದ್ದರೆ ಈ ಸಲ ಹೆರಿಗೆ ಸಸೂತ್ರವೆಂದು ಸೂಲಗಿತ್ತಿ ಹೇಳಿದ್ದಳು.

ಗೆಮಲ್ಲಿ ನಕ್ಕ. "ಆ ಆಣೆ ಓಣಿಯವರೆಲ್ಲ ಇಟ್ಟಾಯ್ತು ಅಜ್ಜಿ. ಯೆಹೋವನ ಹೆಸರು ನಿಮಗೆಲ್ಲ ಪಾತ್ರೆ ತೊಳೆದ ನೀರಿಗಿಂತ ಅಗ್ಗ. ಸೊಸೆ ಹೊಟ್ಟೆ ಮೇಲೆ ಕೈಯಿಟ್ಟು ಹೇಳು, ನೋಡೋಣ."

ಅತಾರಾಳ ಕೈ ಹಿಟ್ಟಿನಲ್ಲೇ ನಿಂತಿತು. "ಅತ್ತೆ, ನನ್ನ ಕೂಸಿನ ಮೇಲೆ ಸುಳ್ಳಾಣೆ ಬೇಡ!" ಎಂದು ಯೆಮೀಮಾ ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡಳು. ಮುದುಕಿ ಹಿಟ್ಟು ಸೀಳಿ ಒಡತಿಯನ್ನು ಹೊರತೆಗೆದಳು. ಗೆಮಲ್ಲಿ ಅರೆಯುವ ಕಲ್ಲಿನ ಗುಂಡನ್ನು ಅವಳ ಕೈಗಿತ್ತು, "ನೀನೇ ಒಡಿ," ಎಂದ. ಅವಳು ಕಣ್ಣು ಮುಚ್ಚಿ ಕುಟ್ಟಿದಳು. ಹಿಟ್ಟು ಮೆತ್ತಿದ ಪುಟ್ಟ ತಲೆ ನೆಲದ ಮೇಲೆ ಉರುಳಿತು.

ಅದೇ ಗಳಿಗೆಯಲ್ಲಿ ಯೆಮೀಮಾ ಚೀರಿದಳು. ಅವಳ ಕೆಳಗಿನ ಚಾಪೆ ಒದ್ದೆಯಾಗುತ್ತಿತ್ತು. ಅತಾರಾ ಮೊರೆಯಿಡಲು ಬಾಯಿ ತೆರೆದಳು. ಒಬ್ಬನ ಹೆಸರಿನಲ್ಲಿ ಈಗಷ್ಟೇ ಸುಳ್ಳಾಡಿದ್ದಳು, ಇನ್ನೊಬ್ಬಳು ಕಾಲಡಿಯಲ್ಲಿ ಚೂರಾಗಿ ಬಿದ್ದಿದ್ದಳು. ಯಾರನ್ನು ಕರೆಯಬೇಕೋ ತೋಚದೆ ಬಾಯಿ ತೆರೆದೇ ಉಳಿಯಿತು.