ಜಿಂಜುಮಮ್ಮು

ನಾಳೆಯ ತಿಥಿಯ ವಡೆಗೆ ವಾರಿಜಮ್ಮ ಉದ್ದು ಆರಿಸುತ್ತ ಕುಳಿತಿದ್ದರು. ಪಕ್ಕದಲ್ಲಿ, ಕಂಪ್ಯೂಟರ್ ಕೆಲಸಕ್ಕೆಂದು ಬಂದಿದ್ದ ನಾಜಿಯಾ ವಾರಿಜಮ್ಮನ ಅಡುಗೆ ವೆಬ್‌ಸೈಟನ್ನು ಹೊಸ ವಿಳಾಸಕ್ಕೆ ಸಾಗಿಸುತ್ತಿದ್ದಳು.

"ಹಳೇ ವಿಳಾಸಕ್ಕೆ ಯಾರು ಬಂದ್ರೂ ಸೀದಾ ಹೊಸದಕ್ಕೇ ಬರೋ ಹಾಗೆ ಮಾಡ್ತಿದೀನಿ ಆಂಟಿ. ಗೂಗಲ್‌ನಲ್ಲಿ ಹುಡುಕಿದ್ರೆ ಮುಂಚಿನ ಹಾಗೇ ನೀವೇ ಮೊದಲು ಸಿಗ್ತೀರ. ಈ 'ಜಿಂಜುಮಮ್ಮು' ಪುಟ ಮಾತ್ರ ಬಿಟ್ಬಿಡ್ಲಾ? ಬೆಲ್ಲ ಕಲಸಿದ ಅನ್ನ, ಅಷ್ಟೇ ತಾನೆ!"

"ಬೇಡಮ್ಮ, ಬೇರೆ ಯಾವುದು ಹೋದ್ರೂ ಅದು ಸಿಗದೇ ಹೋಗಬಾರದು. ನನ್ನ ಮಗಳು ತೊದಲುತ್ತಾ ಇಟ್ಟ ಹೆಸರು. ನಮ್ಮಿಬ್ಬರನ್ನ ಬಿಟ್ರೆ ಇನ್ಯಾರೂ ಹಾಗನ್ನಲ್ಲ."

"ಓ, ಯಾರ‍್ಯಾರು ಏನು ಹುಡುಕಿ ಸೈಟಿಗೆ ಬಂದ್ರು ಅಂತ ಇಲ್ಲಿ ಪಟ್ಟಿ ಇದೆ. ಹಾಗಾದ್ರೆ ಆ ಹೆಸರು ಹಾಕಿ ಆಗಾಗ ಹುಡುಕೋದು ನೀವೇನಾ?"

ವಾರಿಜಮ್ಮನ ಕೈ ಮೊರದಲ್ಲೇ ನಿಂತಿತು. "ನಾನ್ಯಾಕೆ ಹುಡುಕ್ಲಿ? ನನಗೆ ಮಾಡೋಕೆ ಬರಲ್ವಾ?"

"ಮತ್ತೆ ನಿಮ್ಮ ಮಗಳೇ ಇರ್ಬೇಕು. ನೋಡಿ, ಮೊನ್ನೆ ಕೂಡ ಹುಡುಕಿದಾರೆ. ಅಮ್ಮನ ಕೈರುಚಿ ನೆನಪಾಗಿರ್ಬೇಕು ಪಾಪ!" ನಾಜಿಯಾ ನಕ್ಕಳು.

ವಾರಿಜಮ್ಮ ಮೊರವನ್ನು ಮೆಲ್ಲನೆ ಕೆಳಗಿಟ್ಟು, ಒಳಗಿದ್ದ ಗಂಡನಿಗೆ ಕೂಗಿ ಹೇಳಿದರು:

"ರೀ, ಅವತ್ತು ಹೊಳೆದಂಡೆಯಲ್ಲಿ ಸಿಕ್ಕಿದ್ದು ಬರೀ ಚಪ್ಪಲಿ ಅಲ್ವಾ? ಪುರೋಹಿತರಿಗೆ ಫೋನ್ ಮಾಡಿ. ನಾಳೆ ಮಗಳ ತಿಥಿ ಬೇಡ."